ಕಣ್ಣಳತೆ, ಕೂಗಳತೆ

(ಶತಮಾನೋತ್ಸವದ ಎರಡನೆಯ ದಿನ, ಪೋಷಕರ ಹಾಗೂ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಬರಹರೂಪ)



ಇಂತಹ ವೇದಿಕೆಯಿಂದ ಶಾಲೆಯ ಮುಖ್ಯಸ್ಥರು ಮಾತನಾಡಲು ನಿಂತರೆ ಕಟ್ಟಡದ ಚರಿತ್ರೆ, ದಾನಿಗಳ ಔದಾರ್ಯ, ಪರೀಕ್ಷೆಯ ಫಲಿತಾಂಶ ಇವನ್ನು ನಿರೀಕ್ಷಿಸುವುದು ವಾಡಿಕೆ. ಅವೆಲ್ಲವೂ ನಿನ್ನೆ ಓದಲಾದ ವರದಿಯಲ್ಲಿ ಸಾಕಷ್ಟು ಬಂದಿವೆ. ಇಂದು ನಾವು ಒಂದು ಆಟದ ಸಾಮಾನಿನ ಬಗ್ಗೆ, ಅದು ನಮಗೆ ಕಲಿಸಿದ ಪಾಠದ ಬಗ್ಗೆ, ಕೊನೆಗೆ ನಮ್ಮದೇ ಒಂದು ತಪ್ಪಿನ ಬಗ್ಗೆ ಮಾತನಾಡಬಯಸುತ್ತೇವೆ. ಹಬ್ಬದ ದಿನ ತಪ್ಪಿನ ಮಾತೇಕೆ ಎಂದು ಹಿರಿಯರು ಆಕ್ಷೇಪಿಸಬಾರದಾಗಿ ಪ್ರಾರ್ಥನೆ.

ನಮ್ಮ ಭಾಷೆಯಲ್ಲಿ ದೂರವನ್ನು ಅಳೆಯುವ ಹಳೆಯ ಮಾತುಗಳು ಹೇರಳವಾಗಿವೆ. ಗೇಣು, ಮೊಳ, ಮಾರು ಇವು ಕೈಯಿಂದ ಹುಟ್ಟಿದವು. ಹರದಾರಿ ಕಾಲಿನಿಂದ ಹುಟ್ಟಿತು. ಇವಲ್ಲದೆ ಇನ್ನೆರಡು ಅಳತೆಗಳಿವೆ: ಕಣ್ಣಳತೆ ಮತ್ತು ಕೂಗಳತೆ. ಗುಡಿಬಂಡೆಯ ಸುತ್ತಲ ಹಳ್ಳಿಗಳಲ್ಲಿ ದಾರಿ ಕೇಳಿದರೆ ಇಂದಿಗೂ ಹಿರಿಯರು “ಇಲ್ಲೇ, ಕೂಗಳತೆ ದೂರ” ಎಂದೇ ಉತ್ತರಿಸುತ್ತಾರೆ. ಪಟ್ಟಣದಿಂದ ಬಂದವರಿಗೆ ಇದು ಅಂದಾಜಿನ ಮಾತೆಂದು ತೋರಬಹುದು. ಆದರೆ ಆ ಹಿರಿಯರಿಗೆ ಕೂಗಳತೆಯ ಸೂಕ್ಷ್ಮಗಳು ಚೆನ್ನಾಗಿ ಗೊತ್ತು. ಗಾಳಿ ಬೀಸುವ ಕಡೆಗೆ ಕೂಗಿದರೆ ಅದು ಬೆಳೆಯುತ್ತದೆ, ಎದುರುಗಾಳಿಯಲ್ಲಿ ಕುಗ್ಗುತ್ತದೆ. ನೆಲ ತಣಿದ ರಾತ್ರಿಯಲ್ಲಿ ಇನ್ನಷ್ಟು ದೂರಕ್ಕೆ ಸಾಗುತ್ತದೆ. ನೆಲಕ್ಕೆ ಹತ್ತಿರದ ಗಾಳಿ ತಂಪಾಗಿ ಮೇಲಿನ ಗಾಳಿ ಬೆಚ್ಚಗಿದ್ದಾಗ ಸದ್ದು ಮೇಲೇರಿ ಚದುರದೆ ನೆಲದತ್ತ ಬಾಗುತ್ತದೆ ಎಂಬುದು ವಿಜ್ಞಾನದ ವಿವರಣೆ. ಕಡಲೆಕಾಯಿ ಹೊಲದಲ್ಲಿ ರಾತ್ರಿ ಕಾವಲು ಕೂತು ಹಂದಿಯ ಸದ್ದಿಗೆ ಕಿವಿಗೊಟ್ಟವರಿಗೆ ಈ ವಿವರಣೆ ಬೇಕಿಲ್ಲ.

ಮೊದಲು ಕಣ್ಣಿನ ಕೆಲಸವನ್ನು ನೋಡೋಣ. ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು 6 ಸೆಂಟಿಮೀಟರ್ ಅಂತರವಿದೆ. ಆದ್ದರಿಂದ ಎರಡೂ ಕಣ್ಣುಗಳು ಕಾಣುವ ಚಿತ್ರ ಪೂರಾ ಒಂದೇ ಅಲ್ಲ. ಆ ಸಣ್ಣ ವ್ಯತ್ಯಾಸದಿಂದಲೇ ಮಿದುಳು ಆಳವನ್ನು ಲೆಕ್ಕ ಹಾಕುತ್ತದೆ. ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟೋನ್ 1838ರಲ್ಲಿ ಎರಡು ಚಿತ್ರಗಳನ್ನು ಕನ್ನಡಿಗಳ ಮೂಲಕ ಒಂದೊಂದು ಕಣ್ಣಿಗೆ ಬೇರೆಬೇರೆಯಾಗಿ ತೋರಿಸಿ, ಚಪ್ಪಟೆ ಗೆರೆಗಳು ಉಬ್ಬಿ ನಿಲ್ಲುವುದನ್ನು ಸಿದ್ಧಪಡಿಸಿದರು. ಸೂಜಿಗೆ ದಾರ ಪೋಣಿಸುವಾಗ ಒಂದು ಕಣ್ಣು ಮುಚ್ಚಿ ನೋಡಿ, ಈ ಲೆಕ್ಕ ಎಷ್ಟು ಬೆಲೆಯುಳ್ಳದ್ದು ಎಂಬುದು ತಿಳಿಯುತ್ತದೆ. ಆದರೆ ಅದು ಹತ್ತಿರದ ವಸ್ತುಗಳಿಗೆ ಮಾತ್ರ ಚೆನ್ನಾಗಿ ಒದಗುತ್ತದೆ. ದೂರದ ಬೆಟ್ಟವನ್ನು ನೋಡುವಾಗ ಎರಡು ಕಣ್ಣಿನ ಚಿತ್ರಗಳೂ ಬಹುತೇಕ ಒಂದೇ ಆಗಿರುತ್ತವೆ. ಅಲ್ಲಿ ಕಣ್ಣು ಬೇರೆ ಸಾಕ್ಷಿಗಳನ್ನು ಹುಡುಕುತ್ತದೆ. ಪರಿಚಿತ ವಸ್ತುವಿನ ಗಾತ್ರ, ಒಂದನ್ನೊಂದು ಮರೆಮಾಡುವ ಪರಿ, ನಾವು ನಡೆದಂತೆ ಹತ್ತಿರದ ಮರ ಬೇಗನೆ ಹಿಂದೆ ಸರಿದು ದೂರದ ಬೆಟ್ಟ ಜೊತೆಯಲ್ಲೇ ಬರುವಂತೆ ತೋರುವುದು, ನೆಲದ ಹುಲ್ಲು ಕಲ್ಲುಗಳು ದೂರ ಹೋದಂತೆ ಒತ್ತೊತ್ತಾಗಿ ಕೊನೆಗೆ ಒಂದೇ ಬಣ್ಣವಾಗುವುದು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ನಾವು ವಿಸ್ತರಣೆಗೆಂದು ಎಷ್ಟೋ ಪರೀಕ್ಷೆಗಳಲ್ಲಿ ಕೊಟ್ಟಿದ್ದೇವೆ. ಮಕ್ಕಳು ಅದರಲ್ಲಿ ಬಾಳಿನ ನೀತಿಯನ್ನು ಮಾತ್ರ ಬರೆದರು, ನಾವೂ ಅದನ್ನೇ ಬರೆಯಿಸಿದೆವು. ದೃಷ್ಟಿಶಾಸ್ತ್ರದ ಒಂದು ತತ್ತ್ವವೇ ಆ ಗಾದೆಯಲ್ಲಿದೆ ಎಂದು ನಮಗೆ ಹೊಳೆದದ್ದು ತೀರ ಇತ್ತೀಚೆಗೆ. ಮಳೆ ಬಂದು ಧೂಳು ಅಡಗಿದ ಮರುದಿನ ಮಡಕಶಿರಾ ಬೆಟ್ಟ ಕೈಗೆ ಎಟುಕುವಷ್ಟು ಸಮೀಪಕ್ಕೆ ಬಂದಂತೆಯೂ, ಬೇಸಿಗೆಯ ಮಬ್ಬಿನಲ್ಲಿ ಹಿಂದಕ್ಕೆ ಸರಿದಂತೆಯೂ ಕಾಣುವುದೂ ಇದೇ ಬಗೆಯ ಸಾಕ್ಷಿ. ಬೆಟ್ಟ ಇದ್ದಲ್ಲೇ ಇದೆ, ಗಾಳಿಯ ತಿಳಿತನ ಬದಲಾಗಿದೆ.

ಕಿವಿಯ ಲೆಕ್ಕ ಬೇರೆ ತೆರನಾದದ್ದು. ದಿಕ್ಕನ್ನು ತಿಳಿಯಲು ಅದಕ್ಕೆ ಎರಡು ಕಿವಿಗಳೂ ಬೇಕು. ಬಲಗಡೆಯ ಸದ್ದು ಬಲಗಿವಿಗೆ ಮೊದಲು ತಲುಪಿ ಎಡಗಿವಿಗೆ ತುಸು ತಡವಾಗಿ, ತುಸು ಮೆಲ್ಲಗೆ ತಲುಪುತ್ತದೆ. ಆ ತಡ ಹೆಚ್ಚೆಂದರೆ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟನ್ನೂ ಮಿದುಳು ಹಿಡಿಯುತ್ತದೆ. ದೂರವನ್ನು ತಿಳಿಯುವ ಬಗೆ ಇನ್ನೊಂದು. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದಿನ ಮಟ್ಟ 6 ಡೆಸಿಬಲ್‌ನಷ್ಟು ಇಳಿಯುತ್ತದೆ. ಆದರೆ ದೂರದಲ್ಲಿ ಗಟ್ಟಿಯಾಗಿ ಕೂಗಿದ್ದೋ ಹತ್ತಿರದಲ್ಲಿ ಮೆಲ್ಲಗೆ ನುಡಿದದ್ದೋ ಎಂಬುದನ್ನು ಗಟ್ಟಿತನವೊಂದರಿಂದಲೇ ನಿರ್ಣಯಿಸಲಾಗದು. ಆಗ ಸದ್ದಿನ ಬಣ್ಣ ನೆರವಿಗೆ ಬರುತ್ತದೆ. ಹತ್ತಿರದ ಸಿಡಿಲು ಬಟ್ಟೆ ಹರಿದಂತೆ ಚಟಾರೆನ್ನುತ್ತದೆ. ದೂರದ್ದು ಗುಡುಗುಡಿಸುತ್ತದೆ, ಏಕೆಂದರೆ ಸಣ್ಣ ಕೀರಲು ಸ್ವರಗಳನ್ನು ದಾರಿಯಲ್ಲಿ ಗಾಳಿ ನುಂಗಿಬಿಡುತ್ತದೆ. ಕೋಣೆಯೊಳಗಾದರೆ ಗೋಡೆಗಳ ಮಾರ್ದನಿಯೇ ಮುಖ್ಯ ಸಾಕ್ಷಿ. ಮಾತನಾಡುವವರು ಸಮೀಪದಲ್ಲಿದ್ದರೆ ನೇರ ಬಂದ ಸದ್ದು ಮೇಲುಗೈಯಾಗಿರುತ್ತದೆ, ದೂರ ಸರಿದಂತೆ ಗೋಡೆಗೆ ಬಡಿದು ಬಂದ ಪಾಲು ಹೆಚ್ಚಾಗುತ್ತದೆ. ಇಷ್ಟೆಲ್ಲ ಇದ್ದರೂ ದೂರದ ವಿಷಯದಲ್ಲಿ ಕಿವಿ ಕಣ್ಣಿನಷ್ಟು ನಂಬಿಗಸ್ತನಲ್ಲ. ಕಣ್ಣು ಕಟ್ಟಿಕೊಂಡು ಬರಿಯ ಕಿವಿಯಿಂದ ಅಂದಾಜು ಮಾಡಿದರೆ ಜನ ತೀರ ಹತ್ತಿರದ ಸದ್ದನ್ನು ಇದ್ದುದಕ್ಕಿಂತ ದೂರವೆಂದೂ, ದೂರದ ಸದ್ದನ್ನು ಇದ್ದುದಕ್ಕಿಂತ ಹತ್ತಿರವೆಂದೂ ಭಾವಿಸುತ್ತಾರೆ.

ಬಂಡೆ ಸಿಡಿಸುವ ಜಾಗದಿಂದ ದೂರ ನಿಂತು ನೋಡಿದ ಮಕ್ಕಳು ಇಲ್ಲಿ ಅನೇಕರಿದ್ದಾರೆ. ಮೊದಲು ಧೂಳು ಏಳುವುದು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಸದ್ದು ಒಂದು ಕಿಲೋಮೀಟರ್ ಸಾಗಲು ಸುಮಾರು 3 ಸೆಕೆಂಡು ಬೇಕು. ಕಣ್ಣೂ ಕಿವಿಯೂ ಒಂದೇ ಘಟನೆಗೆ ಎರಡು ಗಡಿಯಾರಗಳನ್ನು ಹಿಡಿದು ಕುಳಿತಿರುವಂತೆ ಅಲ್ಲಿ ಅನ್ನಿಸುತ್ತದೆ.

ಇವೆರಡೂ ಮೋಸಹೋಗಬಲ್ಲವು ಎಂಬುದನ್ನು ನಮ್ಮ ಪುರಾಣಕಾರರು ಎಂದೋ ಕಂಡಿದ್ದರು. ಮಯನು ಕಟ್ಟಿದ ಸಭೆಯಲ್ಲಿ ದುರ್ಯೋಧನನು ನೀರನ್ನು ನೆಲವೆಂದು, ನೆಲವನ್ನು ನೀರೆಂದು ಭ್ರಮಿಸಿ ನಗೆಗೀಡಾದ. ಅದು ಕಣ್ಣಿನ ಸೋಲು. ಶಬ್ದವೇಧಿಯಾದ ದಶರಥನು ಕತ್ತಲಲ್ಲಿ ಕೊಡ ತುಂಬುವ ಸದ್ದನ್ನು ಆನೆ ನೀರು ಕುಡಿಯುವ ಸದ್ದೆಂದು ಬಗೆದು ಬಾಣ ಬಿಟ್ಟು ಶ್ರವಣಕುಮಾರನನ್ನು ಕೊಂದ. ಅವನ ಕಿವಿ ದಿಕ್ಕಿನಲ್ಲಿ ತಪ್ಪಲಿಲ್ಲ, ದೂರದಲ್ಲಿಯೂ ತಪ್ಪಲಿಲ್ಲ. ಅಲ್ಲಿರುವುದು ಏನೆಂಬುದರಲ್ಲಿ ತಪ್ಪಿತು. ಒಂದು ಇಂದ್ರಿಯ ಹೇಳಿದ್ದನ್ನು ಇನ್ನೊಂದು ಪರೀಕ್ಷಿಸದೆ ಹೋದಾಗ ಆಗುವ ಅನರ್ಥಕ್ಕೆ ಇದಕ್ಕಿಂತ ದಾರುಣವಾದ ದೃಷ್ಟಾಂತ ನಮಗೆ ತಿಳಿದಂತೆ ಇಲ್ಲ.

ಈಗ ಆ ಆಟದ ಸಾಮಾನಿಗೆ ಬರೋಣ. ಶತಮಾನೋತ್ಸವದ ಸಿದ್ಧತೆಗೆಂದು ಬಂದಿದ್ದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಬೆಂಗಳೂರಿನಿಂದ ವರ್ಚುವಲ್ ರಿಯಾಲಿಟಿ ಕನ್ನಡಕವೊಂದನ್ನು ತಂದಿದ್ದರು. ಇದಕ್ಕೆ ಮಿಥ್ಯಾವಾಸ್ತವ, ವಾಸ್ತವಾಭಾಸ ಮುಂತಾದ ಪದಗಳನ್ನು ಬಲ್ಲವರು ಸೂಚಿಸುತ್ತಾರೆ. ಕನ್ನಡ ಅಧ್ಯಾಪಕರ ಸಹಜ ಚಾಪಲ್ಯದಿಂದ ನಾವೂ ಒಂದೆರಡು ಪದ ಕಟ್ಟಲು ಹೋದೆವು. ಮಕ್ಕಳು ಅದನ್ನು ಮೊದಲ ದಿನವೇ “ಮಾಯಾಕನ್ನಡಕ” ಎಂದು ಕರೆದು ನಮ್ಮ ಶ್ರಮವನ್ನು ಉಳಿಸಿದರು. ಚಿಕ್ಕ ಮಕ್ಕಳಿಗೆ ಇದು ತಕ್ಕುದಲ್ಲವೆಂದು ತಯಾರಕರೇ ಹೇಳುವುದರಿಂದ ಒಂಬತ್ತು, ಹತ್ತನೆಯ ತರಗತಿಯವರಿಗಷ್ಟೇ, ಅದೂ ಕೆಲವೇ ನಿಮಿಷ, ಅವಕಾಶ ಕೊಟ್ಟೆವು. ಈ ಬಗೆಯ ಸಾಧನವನ್ನು ಅಮೆರಿಕದ ಐವನ್ ಸದರ್ಲೆಂಡ್ 1968ರಲ್ಲಿಯೇ ತಯಾರಿಸಿದ್ದರು. ವೀಟ್‌ಸ್ಟೋನರ ತತ್ತ್ವವೇ ಇಲ್ಲಿಯೂ ಇದೆ: ಒಂದೊಂದು ಕಣ್ಣಿಗೆ ಒಂದೊಂದು ಚಿತ್ರ. ತಲೆ ತಿರುಗಿಸಿದಂತೆ ಚಿತ್ರವೂ ತಿರುಗುತ್ತದೆ, ಕಿವಿಯ ಹೆಡ್‌ಫೋನಿನಲ್ಲಿ ಸದ್ದೂ ಜಾಗ ಬದಲಿಸುತ್ತದೆ.

ಅಂದು ಅಂಗಳದಲ್ಲಿ ನಡೆದದ್ದು ಸರಳವಾದ ಆಟ. ನೆಲದ ಮೇಲೆ ಒಂದು ಮಡಕೆ ಇಟ್ಟು, ಅದನ್ನು ಚೆನ್ನಾಗಿ ನೋಡಿ, ಕಣ್ಣು ಕಟ್ಟಿಕೊಂಡು ಅದರ ಬಳಿಗೆ ನಡೆದು ನಿಲ್ಲಬೇಕು. ನಮ್ಮ ಊರಹಬ್ಬಗಳ ಮಡಕೆ ಒಡೆಯುವ ಆಟವನ್ನೇ ನೆನೆದುಕೊಳ್ಳಿ. ಮನುಷ್ಯರು ಬಯಲಿನಲ್ಲಿ ಸುಮಾರು 20 ಮೀಟರ್‌ವರೆಗಿನ ದೂರವನ್ನು ಹೀಗೆ ಕುರುಡುನಡಿಗೆಯಲ್ಲಿ ಸಾಕಷ್ಟು ಸರಿಯಾಗಿ ತಲುಪುತ್ತಾರೆಂದು ಪ್ರಯೋಗಗಳು ತಿಳಿಸುತ್ತವೆ. ನಮ್ಮ ಮಕ್ಕಳೂ ತಲುಪಿದರು. ಬಳಿಕ ಮಾಯಾಕನ್ನಡಕದೊಳಗೆ ಅಷ್ಟೇ ದೂರದಲ್ಲಿ ಒಂದು ಮಡಕೆಯನ್ನು ತೋರಿಸಿ, ಪರದೆಯನ್ನು ಕಪ್ಪಾಗಿಸಿ, ನಡೆಯಿರಿ ಎಂದಾಗ ಬಹುಮಂದಿ ಮುಂಚೆಯೇ ನಿಂತುಬಿಟ್ಟರು. ಒಬ್ಬಳು ಹುಡುಗಿಯಂತೂ “ಇಲ್ಲೇ ಇದೆ ಟೀಚರ್” ಎಂದು ಬಗ್ಗಿ ಬರಿಯ ಗಾಳಿಯನ್ನು ತಡವಿದಳು.

ಇದು ನಮ್ಮ ಮಕ್ಕಳೊಬ್ಬರ ತಪ್ಪಲ್ಲ. ಅದುವರೆಗಿನ ಹತ್ತಾರು ಪ್ರಯೋಗಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ಸಮೀಕ್ಷಾ ಲೇಖನವೊಂದರ ಪ್ರಕಾರ, ಇಂತಹ ಕೃತಕ ಲೋಕಗಳಲ್ಲಿ ಜನರು ಅಂದಾಜಿಸುವ ದೂರ ಇರಬೇಕಾದುದರ ಸರಾಸರಿ ಶೇಕಡ 74ರಷ್ಟು ಮಾತ್ರ. ಹತ್ತು ಮೀಟರ್ ದೂರದ ಕಂಬ ಏಳೂವರೆ ಮೀಟರ್ ಸಮೀಪದಲ್ಲಿ ನಿಂತಂತೆ ತೋರುತ್ತದೆ. ಈಚಿನ ಕನ್ನಡಕಗಳಲ್ಲಿ ಈ ಕುಗ್ಗುವಿಕೆ ಕಡಿಮೆಯಾಗಿದೆ, ಅಳಿದಿಲ್ಲ. ಕಾರಣ ಒಂದೇ ಅಲ್ಲ. ಕನ್ನಡಕದ ಮಸೂರ ಚಿತ್ರವನ್ನು ಒಂದೇ ನಿಗದಿತ ದೂರದಲ್ಲಿ ನೆಲೆಗೊಳಿಸುತ್ತದೆ. ಕಣ್ಣುಗಳೆರಡು ಒಳಮುಖವಾಗಿ ತಿರುಗಿ ಮಡಕೆ ಇಲ್ಲಿದೆ ಎನ್ನುವಾಗ ಕಣ್ಣೊಳಗಿನ ಮಸೂರ ಅಲ್ಲಿದೆ ಎನ್ನುತ್ತದೆ. ನೋಟದ ಹರವು ಕಿರಿದು, ತಲೆಯ ಮೇಲೆ ಭಾರ, ಕೆಳಗೆ ನೋಡಿದರೆ ತನ್ನ ಕಾಲೇ ಕಾಣದು. ನೆಲದ ಹುಲ್ಲು ಕಲ್ಲಿನ ವಿವರ ಸಾಕಷ್ಟಿಲ್ಲದಿದ್ದರೆ ಗಾದೆಯ ನುಣುಪು ಹತ್ತಿರದಲ್ಲೇ ಆರಂಭವಾಗುತ್ತದೆ.

ಇಲ್ಲಿ ಕಿವಿ ಪ್ರವೇಶಿಸುತ್ತದೆ. ಕಣ್ಣು ಕಿವಿಗಳ ನಡುವೆ ಭಿನ್ನಾಭಿಪ್ರಾಯ ಬಂದರೆ ಸಾಮಾನ್ಯವಾಗಿ ಗೆಲ್ಲುವುದು ಕಣ್ಣು. ತೊಗಲುಗೊಂಬೆಯಾಟದಲ್ಲಿ ಹಾಡುವವರು ಪರದೆಯ ಹಿಂದಿದ್ದರೂ ಮಾತು ಗೊಂಬೆಯ ಬಾಯಿಂದ ಬಂದಂತೆಯೇ ನಮಗೆ ಕೇಳುವುದಿಲ್ಲವೇ? ಹಾಗೆಂದು ಸೋತ ಪಕ್ಷದ ಮಾತು ಪೂರ್ತಿ ವ್ಯರ್ಥವಾಗುವುದಿಲ್ಲ, ಅದು ತೀರ್ಪನ್ನು ತನ್ನ ಕಡೆಗೆ ಕೊಂಚ ಎಳೆದಿರುತ್ತದೆ. ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಇದನ್ನೇ ಉಪಯೋಗಿಸಿಕೊಂಡರು. ಕೃತಕ ಲೋಕದಲ್ಲಿ ಚಿತ್ರವನ್ನೂ ಸದ್ದನ್ನೂ ಒಂದೇ ಜಾಗದಲ್ಲಿರಿಸದೆ ಬೇಕೆಂದೇ ಬೇರೆಬೇರೆ ದೂರದಲ್ಲಿರಿಸಿದರು. ಹಾಗೆ ಹೊಂದಿಸಿದಾಗ ನೋಡುಗರ ಅಂದಾಜು ನಿಜವಾದ ದೂರಕ್ಕೆ ಸಮೀಪವಾಯಿತು. ಸುಳ್ಳಿನ ಲೋಕದ ಒಂದು ತಪ್ಪನ್ನು ಇನ್ನೊಂದು ಸುಳ್ಳಿನಿಂದ ತಿದ್ದುವ ಉಪಾಯವೆಂದು ನಮ್ಮ ಗಣಿತದ ಮೇಷ್ಟ್ರು ನಕ್ಕರು.

ಇಂತಹ ಅನುಭವಕ್ಕೆ ವಿದೇಶಕ್ಕೇ ಹೋಗಬೇಕಿಲ್ಲ. ವಿಜಯಪುರದ ಗೋಲಗುಮ್ಮಟದಲ್ಲಿ, ಹದಿನೇಳನೆಯ ಶತಮಾನದ ಮಹಮ್ಮದ್ ಆದಿಲ್‌ಷಾನ ಗೋರಿಯ ಮೇಲಿನ ಪಿಸುಮಾತಿನ ಮೊಗಸಾಲೆಯಲ್ಲಿ, ಎದುರುಬದಿಯಲ್ಲಿ ನಿಂತವರ ಪಿಸುಮಾತು ಕಿವಿಯ ಪಕ್ಕದಲ್ಲೇ ನುಡಿದಂತೆ ಕೇಳುತ್ತದೆ. ಕಣ್ಣು ಅವರನ್ನು ಮೂವತ್ತು ಮೀಟರಿಗೂ ಮಿಕ್ಕ ದೂರದಲ್ಲಿ ಕಾಣುತ್ತದೆ, ಕಿವಿ ಹೆಗಲ ಬಳಿ ಇದ್ದಾರೆನ್ನುತ್ತದೆ. ಸದ್ದು ಬಾಗಿದ ಗೋಡೆಯನ್ನು ಅಪ್ಪಿಕೊಂಡೇ ಸಾಗುವುದರಿಂದ ಹೆಚ್ಚು ಚದುರುವುದಿಲ್ಲ. ಸರ್ ಸಿ. ವಿ. ರಾಮನ್ನರು 1921ರಲ್ಲಿ ಲಂಡನ್ನಿನ ಸೇಂಟ್ ಪಾಲ್ ಚರ್ಚಿನಲ್ಲಿ ಈ ವಿಸ್ಮಯವನ್ನು ಪರೀಕ್ಷಿಸಿದರು, ಮರುವರ್ಷದ ಲೇಖನದಲ್ಲಿ ಬಿಜಾಪುರದ ಗುಮ್ಮಟವನ್ನೂ ಚರ್ಚಿಸಿದರು. ಇನ್ನೊಂದು, ರಾಯದುರ್ಗದ ಬಂಧುಗಳಿಗೆ ದೂರವೇನಲ್ಲದ ಬಳ್ಳಾರಿ ಜಿಲ್ಲೆಯ ತೋರಣಗಲ್ಲು ಬಳಿಯ ಕಲಾಧಾಮದಲ್ಲಿ 2012ರಲ್ಲಿ ನೆಲೆಗೊಂಡ ‘ಪ್ಲೇಸ್ ಹಂಪಿ’. ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಶಾ ಅವರು ರೂಪಿಸಿದ ಈ ಕೃತಿಯಲ್ಲಿ 9 ಮೀಟರ್ ವ್ಯಾಸದ ದುಂಡು ಪರದೆಯ ನಡುವೆ ನಿಂತು ಹಂಪಿಯ ಬಂಡೆ ಗುಡಿಗಳ ನಡುವೆ ಸುತ್ತಾಡಿದಂತೆ ನೋಡಬಹುದು. ತಲೆಗೆ ಭಾರದ ಪೆಟ್ಟಿಗೆಯಿಲ್ಲ, ಹಗುರ ಕನ್ನಡಕ ಸಾಕು. ತನ್ನ ಕಾಲೂ ಪಕ್ಕದವರೂ ಕಾಣುತ್ತಾರೆ.

ಇನ್ನು ನಮ್ಮ ತಪ್ಪಿನ ವಿಷಯ.

ಮಡಕೆಯ ಆಟದ ಮರುದಿನ ಗಂಟೆಯ ಆಟ ನಡೆಯಿತು. ಪರದೆ ಕಪ್ಪು, ಹೆಡ್‌ಫೋನಿನಲ್ಲಿ ಶಾಲೆಯ ಗಂಟೆ ಒಂದು ಕಡೆಯಿಂದ ಬಾರಿಸುತ್ತದೆ, ಅದು ಎಲ್ಲಿದೆಯೋ ಅತ್ತ ತಿರುಗಿ ಕೈತೋರಬೇಕು. ಎಲ್ಲರೂ ಸುಲಭವಾಗಿ ತೋರಿಸಿದರು. ಒಂಬತ್ತನೆಯ ತರಗತಿಯ ಒಬ್ಬ ಹುಡುಗ ಮಾತ್ರ ಗಂಟೆ ಎಡಗಡೆ ಬಾರಿಸಿದರೂ ಬಲಗಡೆಗೇ ತಿರುಗಿದ. ಮಕ್ಕಳು ನಕ್ಕರು. ಎರಡನೆಯ ಸಲವೂ ಬಲಕ್ಕೇ ತಿರುಗಿದ. ನಾವು, ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, “ಅವನು ಯಾವಾಗಲೂ ಹೀಗೇ, ಗಮನವಿಲ್ಲ” ಎಂದುಬಿಟ್ಟೆವು. ಕನ್ನಡಕ ತಂದ ಹಳೆಯ ವಿದ್ಯಾರ್ಥಿ ನಗಲಿಲ್ಲ. ಹೆಡ್‌ಫೋನನ್ನು ತೆಗೆದು ಎಡಬಲ ಅದಲುಬದಲು ಮಾಡಿ ಮತ್ತೆ ತೊಡಿಸಿದರು. ಗಂಟೆ ಮೊದಲಿನಂತೆಯೇ ಬಾರಿಸಿತು. ಹುಡುಗ ಈ ಸಲವೂ ಬಲಕ್ಕೇ ಕೈತೋರಿ, “ಅಣ್ಣಾ, ಈಗ ಗಂಟೆ ಹತ್ತಿರ ಬಂತು” ಎಂದ.

ಗಂಟೆ ಹತ್ತಿರ ಬಂದಿರಲಿಲ್ಲ. ಎಡಗಿವಿಗೆಂದು ಕಳಿಸಿದ ಗಟ್ಟಿ ಸದ್ದು ಈಗ ಅವನ ಬಲಗಿವಿಗೆ ಬಿದ್ದಿತ್ತು, ಅಷ್ಟೇ. ಅವನಿಗೆ ಕೇಳುತ್ತಿದ್ದದ್ದು ಬಲಗಿವಿ ಒಂದೇ.

ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ತಂದೆತಾಯಿ ಅವನನ್ನು ಕರೆದೊಯ್ದರು. ಒಂದೊಂದು ಕಿವಿಯನ್ನೂ ಬೇರೆಬೇರೆಯಾಗಿ ಪರೀಕ್ಷಿಸಿದಾಗ ಎಡಗಿವಿಯಲ್ಲಿ ಶ್ರವಣಶಕ್ತಿ ಉಳಿದಿಲ್ಲವೆಂದೂ ಬಲಗಿವಿ ಸಂಪೂರ್ಣ ಸರಿಯಾಗಿದೆಯೆಂದೂ ತಿಳಿಯಿತು. ಚಿಕ್ಕಂದಿನಲ್ಲಿ ಕೆನ್ನೆ ಊದಿಕೊಂಡು ಮಂಗಬಾವು ಬಂದದ್ದನ್ನು ತಾಯಿ ಆಗ ನೆನಪಿಸಿಕೊಂಡರು. ಆ ಕಾಯಿಲೆ ಕೆಲವೊಮ್ಮೆ ಒಂದು ಕಿವಿಯನ್ನು ಸದ್ದಿಲ್ಲದೆ ಕಿತ್ತುಕೊಂಡು ಹೋಗುತ್ತದೆಯಂತೆ. ಹುಡುಗನಿಗೆ ಅದು ಕೊರತೆಯೆಂದೇ ತಿಳಿದಿರಲಿಲ್ಲ. ಎಲ್ಲರಿಗೂ ಹೀಗೆಯೇ ಕೇಳುತ್ತದೆಂದು ಅವನು ನಂಬಿದ್ದ.

ನಾಲ್ಕು ವರ್ಷ ಅವನು ನಮ್ಮ ಕಣ್ಣೆದುರಿಗೇ ಇದ್ದ. ಹಿಂದಿನಿಂದ ಕರೆದರೆ ಅತ್ತಿತ್ತ ನೋಡುತ್ತಿದ್ದ, ನಾವು ಅದನ್ನು ಚೇಷ್ಟೆಯೆಂದುಕೊಂಡೆವು. ಗದ್ದಲವಿದ್ದ ತರಗತಿಯಲ್ಲಿ ಪ್ರಶ್ನೆ ಕೇಳಿದರೆ ಸುಮ್ಮನಿರುತ್ತಿದ್ದ, ಓದಿಲ್ಲವೆಂದುಕೊಂಡೆವು. ಪ್ರಗತಿ ಪತ್ರಿಕೆಯಲ್ಲಿ ‘ಗಮನ ಸಾಲದು’ ಎಂಬ ಷರಾ ಬರೆದು ಸಹಿ ಹಾಕಿದ್ದು ಈ ಕೈಯೇ. ಅದನ್ನು ಓದಿ ತಂದೆ ಅವನನ್ನು ಹೊಡೆದದ್ದೂ ಉಂಟೆಂದು ಈಚೆಗೆ ತಿಳಿಯಿತು. ಅವರ ಮನೆಗೆ ಹೋಗಿ ಆ ಷರಾ ನಮ್ಮ ತಪ್ಪೆಂದು ಹೇಳಿ ಬಂದಿದ್ದೇವೆ. ಹುಡುಗನ ಮತ್ತು ಅವನ ತಂದೆತಾಯಿಯ ಒಪ್ಪಿಗೆ ಪಡೆದೇ, ಹೆಸರು ಹೇಳದೆ, ಇದನ್ನು ಇಲ್ಲಿ ಹೇಳುತ್ತಿದ್ದೇವೆ.

ಪೋಷಕರು ಒಂದು ಸಂಗತಿಯನ್ನು ಗಮನಿಸಬೇಕು. ಒಂದು ಕಿವಿಯ ಮಗುವಿಗೆ ದೂರ ಒಂದಿಷ್ಟು ತಿಳಿಯುತ್ತದೆ, ಏಕೆಂದರೆ ಸದ್ದು ಬೆಳೆಯುವುದು ಒಂದೇ ಕಿವಿಗೂ ಗೊತ್ತಾಗುತ್ತದೆ. ದಿಕ್ಕು ತಿಳಿಯುವುದಿಲ್ಲ. ಲಾರಿ ಸಮೀಪಿಸುತ್ತಿದೆ ಎಂಬುದು ತಿಳಿದೀತು, ಯಾವ ಕಡೆಯಿಂದ ಎಂಬುದು ತಿಳಿಯದು. ಈ ಹುಡುಗನ ಮನೆ ರಸ್ತೆಯ ಆಚೆಗಿದೆ, ದಿನಕ್ಕೆರಡು ಬಾರಿ ಅವನು ಆ ರಸ್ತೆ ದಾಟುತ್ತಾನೆ. ನಾಲ್ಕು ವರ್ಷ ಏನೂ ಆಗದಿದ್ದುದು ನಮ್ಮ ಜಾಣ್ಮೆಯಿಂದಲ್ಲ. ಈಗಂತೂ ಸದ್ದಿಲ್ಲದ ಎಲೆಕ್ಟ್ರಿಕ್ ಸ್ಕೂಟರುಗಳೂ ಬಂದಿವೆ. ನಿಧಾನವಾಗಿ ಚಲಿಸುವಾಗ ಇಂತಹ ಕಾರುಗಳು ಕೃತಕವಾಗಿಯಾದರೂ ಸದ್ದು ಮಾಡಬೇಕೆಂಬ ನಿಯಮವನ್ನು ಐರೋಪ್ಯ ಒಕ್ಕೂಟ 2019ರಿಂದ ಹೊಸ ಮಾದರಿಗಳಿಗೆ ಜಾರಿಗೆ ತಂದಿತು. ಎರಡೂ ಕಿವಿ ಸರಿಯಾಗಿರುವ ಮಕ್ಕಳು ಇಯರ್‌ಫೋನ್ ಸಿಕ್ಕಿಸಿಕೊಂಡು ಸೈಕಲ್ ತುಳಿಯುವುದನ್ನು ಕಂಡಾಗ ನಮಗೆ ಈಗ ಸಿಟ್ಟಿಗಿಂತ ಹೆಚ್ಚಾಗಿ ಅಚ್ಚರಿಯಾಗುತ್ತದೆ: ಇರುವುದನ್ನು ಹೀಗೆ ಬೇಕೆಂದೇ ಮುಚ್ಚಿಕೊಳ್ಳುವುದುಂಟೇ?

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಜಾರಿಯಲ್ಲಿದೆ; 18 ವರ್ಷದವರೆಗಿನ ಮಕ್ಕಳ ದೃಷ್ಟಿ ಮತ್ತು ಶ್ರವಣದೋಷಗಳೂ ಅದರ ತಪಾಸಣೆಗೆ ಒಳಪಡುತ್ತವೆ. ಆದರೆ ವೈದ್ಯರ ಮುಂದೆ ಮಗುವನ್ನು ನಿಲ್ಲಿಸುವ ಮೊದಲು ನಾವು ಏನನ್ನು ಕಂಡಿದ್ದೇವೆಂದು ಹೇಳಬೇಡವೇ? ಸ್ತಬ್ಧವಾದ ಕೋಣೆಯಲ್ಲಿ ಮಾತನಾಡಿಸಿದರೆ ಒಂದು ಕಿವಿಯ ಮಗು ಚೆನ್ನಾಗಿಯೇ ಉತ್ತರಿಸುತ್ತದೆ. ಟಿ.ವಿ. ನೋಡುವಾಗ ಒಂದೇ ಮಗ್ಗುಲು ತಿರುಗಿ ಕೂರುವ, ಫೋನನ್ನು ಸದಾ ಒಂದೇ ಕಿವಿಗೆ ಹಿಡಿಯುವ, ಕರೆದಾಗ ತಪ್ಪು ದಿಕ್ಕಿಗೆ ತಿರುಗುವ ಮಗು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ನಮಗೆ ತಿಳಿಸಿ. ಹಾಗೆಯೇ ಲೋಟಕ್ಕೆ ನೀರು ಹೊಯ್ಯುವಾಗ ಹೊರಗೆ ಚೆಲ್ಲುವ, ಎಸೆದ ಚೆಂಡನ್ನು ಹಿಡಿಯಲು ಯಾವಾಗಲೂ ತಡವಾಗುವ ಮಗುವನ್ನೂ ಬೈಯುವ ಮೊದಲು ಒಂದೊಂದೇ ಕಣ್ಣು ಮುಚ್ಚಿಸಿ ನೋಡಿ. ಈ ವರ್ಷದಿಂದ ಶಾಲೆಗೆ ಸೇರುವ ಪ್ರತಿ ಮಗುವಿಗೂ ನಾವು ಗಂಟೆಯ ಆಟ ಆಡಿಸುತ್ತಿದ್ದೇವೆ. ಅದಕ್ಕೆ ಮಾಯಾಕನ್ನಡಕ ಬೇಡ. ಕಣ್ಣಿಗೊಂದು ಟವೆಲು, ಅಂಗಳದ ನಾಲ್ಕು ಮೂಲೆಗಳಲ್ಲಿ ನಾಲ್ವರು ಮಕ್ಕಳು, ಕೈಯಲ್ಲೊಂದು ಪೂಜೆಯ ಗಂಟೆ, ಇಷ್ಟೇ ಸಾಕು. ಎರಡು ಮಕ್ಕಳನ್ನು ಈಗಾಗಲೇ ತಪಾಸಣೆಗೆ ಕಳಿಸಿದ್ದೇವೆ. ಒಬ್ಬಳಿಗೆ ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿದ್ದದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ಆ ಹುಡುಗ ಈಗ ಹತ್ತನೆಯ ತರಗತಿಯಲ್ಲಿದ್ದಾನೆ. ಎಡಗೋಡೆಗೆ ಒತ್ತಿದ ಮೊದಲ ಬೆಂಚಿನಲ್ಲಿ ಕೂರುತ್ತಾನೆ. ಅಲ್ಲಿಂದ ಇಡೀ ತರಗತಿ ಅವನ ಬಲಗಿವಿಗೆ ಬೀಳುತ್ತದೆ. ರಸ್ತೆ ದಾಟುವಾಗ ಸದ್ದು ಕೇಳಿದ ಕೂಡಲೆ ನಿಂತು, ಎರಡೂ ಕಡೆ ತಲೆಯನ್ನೇ ತಿರುಗಿಸಿ ನೋಡುವುದನ್ನು ಅವನೇ ರೂಢಿಸಿಕೊಂಡಿದ್ದಾನೆ. ತಲೆ ತಿರುಗಿಸಿದಾಗ ಸದ್ದು ಹೆಚ್ಚಾಗುವ ಕಡೆಯೇ ವಾಹನ ಬರುವ ಕಡೆ ಎಂಬ ಲೆಕ್ಕವನ್ನೂ ತಾನೇ ಕಂಡುಕೊಂಡಿದ್ದಾನೆ. ಮೊನ್ನೆ ಅವನ ಪಕ್ಕದಲ್ಲಿ ನಡೆಯುತ್ತಾ ನಾವು ಏನೋ ಹೇಳುತ್ತಿದ್ದಾಗ ತಟ್ಟನೆ ನಿಂತು, ಸುತ್ತಿ ನಮ್ಮ ಎಡಬದಿಗೆ ಬಂದು, “ಟೀಚರ್, ಈಗ ಹೇಳಿ” ಎಂದ.